ಈಸಾ(ಅ), ಕ್ರಿಸ್‌ಮಸ್ ಮತ್ತು ನಮ್ಮ ತೌಹೀದ್



ಡಿಸೆಂಬರ್ ತಿಂಗಳು ಬಂತೆಂದರೆ ಬೀದರ್ ನಗರದ ಮಂಗಲಪೇಟೆಯಲ್ಲಿ, ಭಾಲ್ಕಿ ಮತ್ತು ಔರಾದ್ ತಾಲೂಕುಗಳ ಅನೇಕ ಹಳ್ಳಿಗಳಲ್ಲಿ ಕ್ರೈಸ್ತ ಸಹೋದರರ ಮನೆಗಳ ಮುಂದೆ ನಕ್ಷತ್ರದ ದೀಪಗಳು ತೂಗಾಡುತ್ತವೆ. ನಮ್ಮ ಹಿರಿಯರು ಈ ಹಬ್ಬವನ್ನು 'ಬಡಾ ದಿನ್' ಎಂದೇ ಕರೆಯುತ್ತಾ ಬಂದಿದ್ದಾರೆ. ಈದ್‌ನ ದಿನ ನಮ್ಮ ಮನೆಯ ಶೀರ್ ಖುರ್ಮಾ ನೆರೆಮನೆಗೆ ಹೋಗುತ್ತದೆ. ಅವರ ಹಬ್ಬದ ದಿನ ಕೇಕ್, ಕರ್ಜಿಕಾಯಿ ತುಂಬಿದ ತಟ್ಟೆ ನಮ್ಮ ಮನೆಗೆ ಬರುತ್ತದೆ. ತಟ್ಟೆಯ ಜೊತೆಗೆ ಮಕ್ಕಳ ಪ್ರಶ್ನೆಯೂ ಬರುತ್ತದೆ: "ಅಬ್ಬಾ, ಈಸಾ(ಅ) ನಮ್ಮ ಪ್ರವಾದಿಯೂ ಹೌದಲ್ಲವೇ? ಮತ್ತೆ ನಾವೇಕೆ ಈ ಹಬ್ಬ ಮಾಡುವುದಿಲ್ಲ? ಅವರು ಈಸಾರನ್ನು ದೇವರ ಮಗ ಅಂತ ಏಕೆ ಹೇಳುತ್ತಾರೆ?"

ಈ ಪ್ರಶ್ನೆಗೆ ಅನೇಕ ಮನೆಗಳಲ್ಲಿ ಎರಡೇ ಉತ್ತರಗಳು ಸಿಗುತ್ತವೆ. ಒಂದು, "ಸುಮ್ಮನಿರು, ಅದೆಲ್ಲ ನಿನಗೆ ಬೇಡ." ಇನ್ನೊಂದು, "ಅವರಿಗೆ ಮೂರು ದೇವರು" ಎಂದು ನಕ್ಕುಬಿಡುವುದು. ಮೊದಲನೆಯದು ಮಗುವನ್ನು ಅಜ್ಞಾನದಲ್ಲಿ ಬಿಡುತ್ತದೆ. ಎರಡನೆಯದು ನೆರೆಯವರ ಬಗ್ಗೆ ಸರಿಯಲ್ಲದ ಮಾತನ್ನು ಕಲಿಸುತ್ತದೆ. ತೌಹೀದನ್ನು ಮಕ್ಕಳ ಹೃದಯದಲ್ಲಿ ಬಿತ್ತುವ ಹೊಣೆ ಹೊತ್ತ ತಂದೆತಾಯಿಗೆ ಎರಡೂ ತಕ್ಕುದಲ್ಲ. ಈ ಪ್ರಶ್ನೆಗೆ ಸರಿಯಾದ ಉತ್ತರವೇನೆಂದು ಇಲ್ಲಿ ಒಟ್ಟಾಗಿ ವಿಚಾರ ಮಾಡೋಣ.

ನಮ್ಮ ನೆರೆಯವರು ಯಾರು?

ಬೀದರ್ ಜಿಲ್ಲೆಯ ಕ್ರೈಸ್ತರಲ್ಲಿ ಬಹುಪಾಲು ಜನ ಮೆಥಡಿಸ್ಟ್ ಪಂಥಕ್ಕೆ ಸೇರಿದವರು. ಈ ಪ್ರದೇಶ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದಾಗ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಅಮೆರಿಕದ ಮೆಥಡಿಸ್ಟ್ ಮಿಶನರಿಗಳು ಇಲ್ಲಿಗೆ ಬಂದರು. ಶಾಲೆ ತೆರೆದರು, ಆಸ್ಪತ್ರೆ ಕಟ್ಟಿದರು. ಊರ ಹೊರಗೆ ಇರುವಂತೆ ಮಾಡಲಾಗಿದ್ದ, ಊರ ಬಾವಿಯ ನೀರನ್ನೂ ಮುಟ್ಟಲಾಗದಿದ್ದ ದಲಿತ ಕುಟುಂಬಗಳ ಕೇರಿಗಳಿಗೆ ಹೋಗಿ ಕುಳಿತರು, ಅವರ ಮಕ್ಕಳಿಗೆ ಅಕ್ಷರ ಕಲಿಸಿದರು, ರೋಗಿಗಳನ್ನು ಮುಟ್ಟಿ ಉಪಚರಿಸಿದರು. ಹೀಗೆ ಬೀದರ್ ಸೀಮೆಯ ಹಳ್ಳಿಗಳಲ್ಲಿ ಕ್ರೈಸ್ತ ಸಮುದಾಯ ಬೆಳೆಯಿತು. 1981ರಲ್ಲಿ ಮೆಥಡಿಸ್ಟ್ ಚರ್ಚ್ ಭಾರತದಲ್ಲಿ ಸ್ವಾಯತ್ತ ಸಂಸ್ಥೆಯಾಯಿತು. ಇಂದು ಆ ಚರ್ಚುಗಳನ್ನು ನಡೆಸುವವರು ಇಲ್ಲಿಯವರೇ, ನಮ್ಮಂತೆಯೇ ಕನ್ನಡ, ಉರ್ದು, ಮರಾಠಿ, ತೆಲುಗು ಬೆರೆಸಿ ಮಾತನಾಡುವವರೇ.

ಇಲ್ಲಿ ನಾವು ಒಂದು ಗಳಿಗೆ ನಿಂತು ಯೋಚಿಸಬೇಕು. ಆ ಬಡ ಕುಟುಂಬಗಳು ತ್ರಿಯೇಕತ್ವದ ತತ್ವವನ್ನು ತೂಗಿ ನೋಡಿ ಚರ್ಚಿನ ಬಾಗಿಲು ತಟ್ಟಿದವೇ? ತಮ್ಮನ್ನು ಮನುಷ್ಯರೆಂದು ಕಂಡವರ ಕಡೆಗೆ ಹೋದವು ಎನ್ನುವುದೇ ಹೆಚ್ಚು ಸತ್ಯ. ಬೀದರ್‌ನಲ್ಲಿ ಶತಮಾನಗಳಿಂದ ಮಸೀದಿಗಳಿದ್ದವು, ದಿನಕ್ಕೆ ಐದು ಬಾರಿ ಅದಾನ್ ಮೊಳಗುತ್ತಿತ್ತು, ಮಹ್ಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸಾ ನಿಂತಿತ್ತು. ರಾಜನೂ ಸೇವಕನೂ ಒಂದೇ ಸಾಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವ ಧರ್ಮ ನಮ್ಮ ಕೈಯಲ್ಲಿತ್ತು. ಆ ಧರ್ಮದ ಸಮಾನತೆ ಕೇರಿಯ ಬಾಗಿಲಿಗೆ ಎಷ್ಟು ಮುಟ್ಟಿತು? ಇನ್ನೊಬ್ಬರ ವಿಶ್ವಾಸವನ್ನು ಪರಿಶೀಲಿಸುವ ಮೊದಲು ನಮ್ಮ ಸಮುದಾಯ ತನಗೆ ತಾನೇ ಹಾಕಿಕೊಳ್ಳಬೇಕಾದ ಪ್ರಶ್ನೆ ಇದು.

ಅವರು ನಂಬುವುದೇನು?

ಒಬ್ಬರ ನಂಬಿಕೆಯನ್ನು ಒಪ್ಪುವುದು ಬೇರೆ, ಅದನ್ನು ಇದ್ದ ಹಾಗೆ ಹೇಳುವುದು ಬೇರೆ. ಒಪ್ಪಲು ನಮಗೆ ಸಾಧ್ಯವಿಲ್ಲ. ಆದರೆ ಸರಿಯಾಗಿ ಹೇಳುವುದು ನ್ಯಾಯ, ಮತ್ತು ನ್ಯಾಯ ನಮ್ಮ ಮೇಲೆ ಕಡ್ಡಾಯ.

ಕ್ರೈಸ್ತರೂ ದೇವರು ಒಬ್ಬನೇ ಎಂದು ಹೇಳುತ್ತಾರೆ. ಆ ಒಬ್ಬ ದೇವರಲ್ಲಿ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರು ಇದ್ದಾರೆ. ಮೂವರೂ ಪೂರ್ಣ ದೇವರು, ಆದರೂ ದೇವರು ಮೂವರಲ್ಲ, ಒಬ್ಬನೇ ಎಂಬುದು ಅವರ ವಿಶ್ವಾಸ. ಇದನ್ನೇ ಅವರು ತ್ರಿಯೇಕತ್ವ ಎನ್ನುತ್ತಾರೆ. ಹಝ್ರತ್ ಮರ್ಯಮ್(ಅ) ಈ ಮೂವರಲ್ಲಿ ಒಬ್ಬರೆಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. ಅದು ತಪ್ಪು. ಮೆಥಡಿಸ್ಟರಂತಹ ಪ್ರೊಟೆಸ್ಟೆಂಟರು ಮರ್ಯಮ್(ಅ)ರಲ್ಲಿ ಪ್ರಾರ್ಥಿಸುವುದೂ ಇಲ್ಲ. ಹಾಗೆಯೇ 'ಮಗ' ಎಂಬ ಮಾತನ್ನು ಅವರು ಶಾರೀರಿಕ ಅರ್ಥದಲ್ಲಿ ಬಳಸುವುದಿಲ್ಲ.

ಅವರ ಪಾಲಿಗೆ ಕ್ರಿಸ್‌ಮಸ್ ಎಂದರೆ ಕೇವಲ ಒಬ್ಬ ಮಹಾಪುರುಷನ ಹುಟ್ಟುಹಬ್ಬವಲ್ಲ. ದೇವರೇ ಮನುಷ್ಯನಾಗಿ ಬಂದ ದಿನ. ಕನ್ನಡ ಕ್ರೈಸ್ತರು ಇದಕ್ಕೆ 'ನರಾವತಾರ' ಎಂಬ ಪದವನ್ನು ಬಳಸುತ್ತಾರೆ. ಆದರೆ ಅದು ಮತ್ತೆ ಮತ್ತೆ ನಡೆಯುವ ಅವತಾರವಲ್ಲ, ಒಮ್ಮೆ ಮಾತ್ರ ನಡೆದದ್ದು ಎನ್ನುತ್ತಾರೆ. ಆದಮರ(ಅ) ಪಾಪದಿಂದ ಮನುಕುಲವೆಲ್ಲ ಪಾಪಕ್ಕೆ ಒಳಗಾಯಿತು, ಅದರ ಪರಿಹಾರಕ್ಕಾಗಿ ದೇವಪುತ್ರನು ಹುಟ್ಟಿ ಶಿಲುಬೆಯ ಮೇಲೆ ಪ್ರಾಣಕೊಟ್ಟನು ಎಂಬುದು ಆ ವಿಶ್ವಾಸದ ಮುಂದಿನ ಕೊಂಡಿ. ಆದ್ದರಿಂದ ಗೋದಲಿಯೂ ಶಿಲುಬೆಯೂ ಅವರ ಮನಸ್ಸಿನಲ್ಲಿ ಒಂದೇ ಕಥೆಯ ಆದಿ ಮತ್ತು ಅಂತ್ಯ.

ಇದಿಷ್ಟನ್ನು ತಿಳಿದರೆ ಮಗುವಿನ ಮೊದಲ ಪ್ರಶ್ನೆಗೆ ಉತ್ತರ ಅರ್ಧ ಸಿಕ್ಕಿದಂತೆ. ನಾವು ಕ್ರಿಸ್‌ಮಸ್ ಆಚರಿಸದಿರುವುದು ಈಸಾ(ಅ)ರ ಮೇಲೆ ಪ್ರೀತಿ ಕಡಿಮೆಯಾಗಿ ಅಲ್ಲ. ಆ ಹಬ್ಬ ಸಾರುವ ಅರ್ಥವನ್ನು ನಮ್ಮ ತೌಹೀದ್ ಒಪ್ಪುವುದಿಲ್ಲ, ಅದಕ್ಕಾಗಿ.

ಈ ಸಿದ್ಧಾಂತ ರೂಪುಗೊಂಡ ಬಗೆ

'ತ್ರಿಯೇಕತ್ವ' ಎಂಬ ಶಬ್ದ ಬೈಬಲಿನಲ್ಲಿ ಇಲ್ಲ. ಶಬ್ದವಿಲ್ಲದಿದ್ದರೂ ಆಶಯವಿದೆ ಎಂದು ಕ್ರೈಸ್ತ ವಿದ್ವಾಂಸರು ಹೇಳುತ್ತಾರೆ. ಆದರೆ ಈ ಆಶಯದ ಬಗ್ಗೆ ಚರ್ಚಿನೊಳಗೇ ದೀರ್ಘ ವಿವಾದ ನಡೆಯಿತೆಂಬುದು ಚರಿತ್ರೆ. ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಏರಿಯಸ್ ಎಂಬ ಪಾದ್ರಿ, ಮಗನು ತಂದೆಗೆ ಸಮಾನನಲ್ಲ, ಅವನು ಸೃಷ್ಟಿಯಾದವನು ಎಂದು ಬೋಧಿಸಿದನು. ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪರ ಸಭೆ ಅವನ ಮಾತನ್ನು ತಳ್ಳಿಹಾಕಿ, ಮಗನೂ ತಂದೆಯೂ ಒಂದೇ ಸತ್ವದವರೆಂದು ಘೋಷಿಸಿತು. ವಿವಾದ ಅಲ್ಲಿಗೆ ಮುಗಿಯಲಿಲ್ಲ. ಮತ್ತೆ ಅರ್ಧ ಶತಮಾನ ಎಳೆದಾಟ ನಡೆದು, 381ರ ಕಾನ್‌ಸ್ಟಾಂಟಿನೋಪಲ್ ಸಭೆಯಲ್ಲಿ ಪವಿತ್ರಾತ್ಮನ ದೈವತ್ವವೂ ಸ್ಥಿರವಾಯಿತು. ಈಸಾ(ಅ) ಏಕಕಾಲಕ್ಕೆ ಪೂರ್ಣ ದೇವರೂ ಪೂರ್ಣ ಮನುಷ್ಯನೂ ಎಂಬ ಸೂತ್ರ 451ರ ಕಾಲ್ಸಿಡನ್ ಸಭೆಯದು. ಆಗಲೂ ಈಜಿಪ್ಟ್, ಅರ್ಮೇನಿಯಾಗಳ ಚರ್ಚುಗಳು ಅದನ್ನು ಒಪ್ಪದೆ ಬೇರೆಯಾಗಿ ಉಳಿದವು.

ಇನ್ನು ಡಿಸೆಂಬರ್ 25ರ ವಿಷಯ. ಈಸಾ(ಅ) ಯಾವ ದಿನ ಹುಟ್ಟಿದರೆಂದು ಸುವಾರ್ತೆಗಳಲ್ಲಿ ಹೇಳಿಲ್ಲ. ಆ ದಿನಾಂಕದ ಲಿಖಿತ ದಾಖಲೆ ರೋಮಿನಲ್ಲಿ ಸಿಗುವುದು ನಾಲ್ಕನೆಯ ಶತಮಾನದಲ್ಲಿ. ಅರ್ಮೇನಿಯಾದ ಚರ್ಚು ಇಂದಿಗೂ ಜನವರಿ 6ರಂದು ಈ ಹಬ್ಬ ಆಚರಿಸುತ್ತದೆ. ಆದರೆ ಓದುಗರೇ, ದಿನಾಂಕವನ್ನು ಹಿಡಿದು ನೆರೆಯವರೊಡನೆ ವಾದಕ್ಕೆ ಇಳಿಯಬೇಡಿ. ದಿನಾಂಕ ಖಚಿತವಲ್ಲವೆಂದು ತಿಳಿದ ಕ್ರೈಸ್ತರೇ ಅನೇಕರಿದ್ದಾರೆ. ವ್ಯತ್ಯಾಸ ಇರುವುದು ಕ್ಯಾಲೆಂಡರಿನಲ್ಲಲ್ಲ. ಹುಟ್ಟಿದ ಕೂಸು ಯಾರು ಎಂಬುದರಲ್ಲಿ.

ಕೂಸು ನುಡಿದ ಮೊದಲ ಮಾತು

ಪವಿತ್ರ ಕುರ್‌ಆನ್ ಈಸಾ(ಅ)ರ ಹೆಸರನ್ನು 25 ಬಾರಿ ಹೇಳುತ್ತದೆ. ಮರ್ಯಮ್(ಅ)ರ ಹೆಸರನ್ನು 34 ಬಾರಿ ಹೇಳುತ್ತದೆ. ಒಂದು ಪೂರ್ಣ ಅಧ್ಯಾಯಕ್ಕೆ ಅವರದೇ ಹೆಸರಿದೆ. ಕುರ್‌ಆನ್ ಹೆಸರಿಟ್ಟು ಕರೆದ ಮಹಿಳೆ ಅವರೊಬ್ಬರೇ. ನಮ್ಮ ಮನೆಗಳಲ್ಲಿ ಎಷ್ಟು ಮಂದಿ ಮರ್ಯಮ್‌ಗಳಿದ್ದಾರೆ, ಎಷ್ಟು ಮಂದಿ ಈಸಾಗಳಿದ್ದಾರೆ, ನೀವೇ ಎಣಿಸಿ ನೋಡಿ.

ಸೂರಃ ಮರ್ಯಮ್‌ನಲ್ಲಿ ಆ ಜನನದ ವರ್ಣನೆ ಓದಿದರೆ ಕಲ್ಲೆದೆಯೂ ಕರಗುತ್ತದೆ. ಮಲಗಿಸಲು ಹಾಸಿಗೆಯಿಲ್ಲ, ಕೈ ಹಿಡಿಯಲು ತಾಯಿಯಿಲ್ಲ, ಸೂಲಗಿತ್ತಿಯಿಲ್ಲ. ಒಂದು ಖರ್ಜೂರದ ಮರದ ಬುಡದಲ್ಲಿ ಒಬ್ಬಂಟಿ ಹೆಣ್ಣು, ಪ್ರಸವದ ನೋವು, ಅದಕ್ಕಿಂತ ಮಿಗಿಲಾಗಿ ಲೋಕದ ನಿಂದೆಯ ಭಯ. ಇದಕ್ಕಿಂತ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತು ಎಂದು ಅವರು ಹಲುಬಿದರು. ಆಗ ಅಲ್ಲಾಹನು ಅವರ ಕಾಲಡಿಯಲ್ಲಿ ನೀರು ಹರಿಸಿದನು, ತಲೆಯ ಮೇಲೆ ಹಣ್ಣು ಕೊಟ್ಟನು. ಕೂಸನ್ನೆತ್ತಿಕೊಂಡು ಊರಿಗೆ ಬಂದಾಗ ಜನ ಆರೋಪದ ಮಳೆ ಸುರಿಸಿದರು. ಅವರು ಒಂದು ಮಾತನ್ನೂ ಆಡದೆ ಮಗುವಿನ ಕಡೆಗೆ ಕೈ ತೋರಿಸಿದರು. ಆಗ ಆ ತೊಟ್ಟಿಲ ಕೂಸು ಬಾಯಿ ತೆರೆಯಿತು.

ಅದು ಆಡಿದ ಮೊದಲ ಮಾತೇನು? ತಾನು ಅಲ್ಲಾಹನ ದಾಸನೆಂದು ಅದು ಸಾರಿತು. ತನ್ನ ತಾಯಿಯ ನಿರ್ದೋಷಿತ್ವಕ್ಕೂ ಮೊದಲು ಅದು ತನ್ನ ದಾಸ್ಯವನ್ನು ಹೇಳಿಕೊಂಡಿತು. ಆಮೇಲೆ ತನಗೆ ಗ್ರಂಥ ನೀಡಲಾಗಿರುವುದನ್ನು, ನಮಾಝ್ ಮತ್ತು ಝಕಾತ್‌ನ ಆಜ್ಞೆಯನ್ನು, ತಾಯಿಯೊಡನೆ ಒಳ್ಳೆಯ ರೀತಿಯಲ್ಲಿ ವರ್ತಿಸುವ ಹೊಣೆಯನ್ನು ತಿಳಿಸಿತು. ನಮ್ಮ ಪಾಲಿಗೆ ಈಸಾ(ಅ)ರ ಜನನದ ಸಂದೇಶ ಇದೇ. ಆ ಜನನ ಅದ್ಭುತ, ಆದರೆ ಅದ್ಭುತದ ಒಡೆಯ ಅಲ್ಲಾಹನು. ತಂದೆಯಿಲ್ಲದೆ ಹುಟ್ಟಿದ್ದರಿಂದ ಒಬ್ಬರು ದೇವರಾಗುವುದಾದರೆ, ತಂದೆ ತಾಯಿ ಇಬ್ಬರೂ ಇಲ್ಲದೆ ಮಣ್ಣಿನಿಂದ ಬಂದ ಆದಮ್(ಅ) ಏನಾಗಬೇಕಿತ್ತು? ಸೂರಃ ಆಲಿ ಇಮ್ರಾನ್‌ನ 59ನೆಯ ಸೂಕ್ತ ಈ ಹೋಲಿಕೆಯನ್ನೇ ನಮ್ಮ ಮುಂದಿಡುತ್ತದೆ. ಸೂರಃ ಮಾಇದಃದ 75ನೆಯ ಸೂಕ್ತ ಇನ್ನೂ ಸರಳವಾದ ಒಂದು ಸಂಗತಿಯನ್ನು ನೆನಪಿಸುತ್ತದೆ: ಆ ತಾಯಿಯೂ ಮಗನೂ ಆಹಾರ ಉಣ್ಣುತ್ತಿದ್ದರು. ಹಸಿವಾದಾಗ ರೊಟ್ಟಿ ಬೇಕಾದವರು ಎಷ್ಟೇ ದೊಡ್ಡವರಾದರೂ ಅಗತ್ಯವುಳ್ಳವರು. ದೇವನಾದರೋ ಯಾವ ಅಗತ್ಯವೂ ಇಲ್ಲದವನು.

ಸುವಾರ್ತೆಗಳಲ್ಲಿಯೂ ಈಸಾ(ಅ) ಏಕಾಂತದಲ್ಲಿ ಬೆಟ್ಟ ಹತ್ತಿ ಪ್ರಾರ್ಥಿಸಿದ, ಸಂಕಟದ ರಾತ್ರಿಯಲ್ಲಿ ನೆಲಕ್ಕೆ ಬೋರಲಾಗಿ ಬಿದ್ದು ಬೇಡಿಕೊಂಡ ವಿವರಗಳಿವೆ. ಆಜ್ಞೆಗಳಲ್ಲಿ ಮೊದಲನೆಯದು ಯಾವುದೆಂದು ಕೇಳಿದಾಗ ದೇವರ ಏಕತ್ವವನ್ನೇ ಅವರು ಹೇಳಿದರೆಂದು ಮಾರ್ಕನ ಸುವಾರ್ತೆ ತಿಳಿಸುತ್ತದೆ. ಇವು ಅವರ ಮನುಷ್ಯ ಸ್ವಭಾವದ ಮಾತುಗಳೆಂದು ಕ್ರೈಸ್ತರು ವಿವರಿಸುತ್ತಾರೆ. ನಮ್ಮ ಕಣ್ಣಿಗೆ ಅಲ್ಲಿ ಕಾಣುವುದು ತನ್ನ ಪ್ರಭುವಿನ ಮುಂದೆ ತಲೆಬಾಗಿದ ಒಬ್ಬ ಶ್ರೇಷ್ಠ ದಾಸ.

ಪಾಪದ ವಿಷಯದಲ್ಲಿಯೂ ನಮ್ಮ ದಾರಿ ಬೇರೆ. ಆದಮ್(ಅ) ತಪ್ಪು ಮಾಡಿದರು, ಪಶ್ಚಾತ್ತಾಪ ಪಟ್ಟರು, ಅಲ್ಲಾಹನು ಕ್ಷಮಿಸಿದನು. ಆ ಲೆಕ್ಕ ಅಲ್ಲಿಗೆ ಮುಗಿಯಿತು. ಯಾವ ಮಗುವೂ ಪಾಪದ ಹೊರೆ ಹೊತ್ತು ಹುಟ್ಟುವುದಿಲ್ಲ. ಒಬ್ಬನ ಭಾರವನ್ನು ಇನ್ನೊಬ್ಬ ಹೊರುವುದಿಲ್ಲ. ತೌಬಾದ ಬಾಗಿಲು ತೆರೆದೇ ಇರುವಾಗ ನಡುವೆ ಬಲಿಯ ಅಗತ್ಯವಿಲ್ಲ. ಇಷ್ಟು ದೊಡ್ಡ ಸತ್ಯವನ್ನು ಅಕ್ಷರ ಬಾರದ ಕುರಿಗಾಹಿಯೂ ತಿಳಿಯಬಲ್ಲ. ಸೂರಃ ಇಖ್ಲಾಸ್‌ನಲ್ಲಿ ಇರುವುದು ನಾಲ್ಕೇ ಪುಟ್ಟ ಸೂಕ್ತಗಳು. ಐದು ವರ್ಷದ ಮಗುವೂ ಅದನ್ನು ಬಾಯಿಪಾಠ ಮಾಡುತ್ತದೆ. ದೇವನ ಪರಿಚಯ ಅದರಲ್ಲಿ ಪೂರ್ಣವಾಗಿದೆ.

ಪ್ರೀತಿ ಎಲ್ಲೆ ಮೀರಿದಾಗ

ಸೂರಃ ನಿಸಾದ 171ನೆಯ ಸೂಕ್ತದಲ್ಲಿ ಅಲ್ಲಾಹನು ಗ್ರಂಥದವರಿಗೆ ಧರ್ಮದಲ್ಲಿ ಎಲ್ಲೆ ಮೀರಬೇಡಿರೆಂದು ಎಚ್ಚರಿಸುತ್ತಾನೆ. ಗಮನಿಸಿ, ಈಸಾ(ಅ)ರನ್ನು ದೇವರೆಂದವರು ಅವರನ್ನು ದ್ವೇಷಿಸಿದವರಲ್ಲ, ಅತಿಯಾಗಿ ಪ್ರೀತಿಸಿದವರು. ಪ್ರೀತಿ ತನ್ನ ಅಳತೆ ತಪ್ಪಿತು. ಈ ಅಪಾಯ ಒಂದು ಸಮುದಾಯಕ್ಕೆ ಮಾತ್ರ ಸೀಮಿತವೇ?

ಪ್ರವಾದಿವರ್ಯರು(ಸ) ಈ ಬಗ್ಗೆ ನಮ್ಮನ್ನೇ ಎಚ್ಚರಿಸಿದ್ದಾರೆ. ಮರ್ಯಮರ ಪುತ್ರನನ್ನು ಕ್ರೈಸ್ತರು ಹೊಗಳಿ ಮೇಲೇರಿಸಿದಂತೆ ತನ್ನನ್ನು ಮೇಲೇರಿಸಬಾರದು, ತಾನು ಅಲ್ಲಾಹನ ದಾಸ ಮತ್ತು ಸಂದೇಶವಾಹಕ ಮಾತ್ರ ಎಂದು ಅವರು ಹೇಳಿದ್ದನ್ನು ಹಝ್ರತ್ ಉಮರ್(ರ) ವರದಿ ಮಾಡಿದ್ದು ಸಹೀಹ್ ಬುಖಾರಿಯಲ್ಲಿದೆ. ಅವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಪ್ರವಾದಿಯ ಮಗನ ಸಾವಿಗೆ ಸೂರ್ಯನೂ ಕಪ್ಪಾದನೆಂದು ಜನ ಆಡಿಕೊಂಡರು. ಪುತ್ರಶೋಕದಲ್ಲಿದ್ದ ಆ ತಂದೆ ಸುಮ್ಮನಿದ್ದರೂ ಸಾಕಿತ್ತು, ಒಂದು ಪವಾಡದ ಕಥೆ ಹುಟ್ಟಿಬಿಡುತ್ತಿತ್ತು. ಆದರೆ ಅವರು ಎದ್ದು ನಿಂತು, ಸೂರ್ಯ ಚಂದ್ರರು ಅಲ್ಲಾಹನ ಕುರುಹುಗಳು, ಯಾರ ಹುಟ್ಟು ಸಾವಿಗೂ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ಜನರನ್ನು ತಿದ್ದಿದರು.

ಈಗ ನಮ್ಮ ಸೀಮೆಯ ಕಡೆ ನೋಡೋಣ. ಬೀದರ್ ನಗರದ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳಿವೆ. ಅಲ್ಲಿರುವ ಅಹ್ಮದ್ ಶಾಹ್ 1422ರಿಂದ 1436ರವರೆಗೆ ಆಳಿದವನು, ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದವನು. ಅವನು ದೈವಭಕ್ತನಾಗಿದ್ದನೆಂದು ಜನ ಅವನನ್ನು 'ವಲಿ' ಎಂದು ಕರೆದರು. ಇಂದಿಗೂ ಅಲ್ಲಿ ಉರೂಸ್ ನಡೆಯುತ್ತದೆ, ಮುಸ್ಲಿಮರೂ ಲಿಂಗಾಯತರೂ ಸೇರುತ್ತಾರೆ. ಸತ್ತವರಿಗಾಗಿ ದುಆ ಮಾಡುವುದು ಸುನ್ನತ್. ಗೋರಿಯನ್ನು ಕಂಡು ಮರಣವನ್ನು ನೆನೆಯುವುದು ಒಳಿತು. ಆದರೆ ಯಾವುದೇ ಗೋರಿಯ ಮುಂದೆ ಹಣೆ ಹಚ್ಚಿ, ಮಕ್ಕಳನ್ನು ಕೊಡು, ರೋಗ ಕಳೆ, ಮೊಕದ್ದಮೆ ಗೆಲ್ಲಿಸು ಎಂದು ಮಣ್ಣಿನಡಿ ಮಲಗಿದವರಲ್ಲಿ ಬೇಡಿದರೆ, ಚರ್ಚಿನೊಳಗಿನ ನೆರೆಯವರಿಗೆ ತೌಹೀದ್ ಹೇಳಲು ನಮಗೆ ಯಾವ ನೈತಿಕ ಹಕ್ಕು ಉಳಿಯುತ್ತದೆ? ತಾಯಿತಕ್ಕೆ, ಮುಹೂರ್ತಕ್ಕೆ, ಹಣಕ್ಕೆ, ಅಧಿಕಾರಕ್ಕೆ ಅಂಜಿ ಬಾಳುವ ಮನಸ್ಸಿನಲ್ಲಿ 'ಅಲ್ಲಾಹನು ಒಬ್ಬನೇ' ಎಂಬ ಮಾತು ನಾಲಗೆಯ ಮೇಲೆ ಮಾತ್ರ ಇರುತ್ತದೆ.

ನಮ್ಮ ನಡವಳಿಕೆ ಹೇಗಿರಬೇಕು?

ಕ್ರಿ.ಶ. 615ರ ಸುಮಾರಿಗೆ ಮಕ್ಕಾದ ಹಿಂಸೆ ತಾಳಲಾರದೆ ಕೆಲವು ಸಹಾಬಿಗಳು ಅಬಿಸೀನಿಯಾಕ್ಕೆ ಹೋದರು. ಅಲ್ಲಿಯ ದೊರೆ ನಜ್ಜಾಶಿ ಕ್ರೈಸ್ತನಾಗಿದ್ದನು. ಅವರನ್ನು ಮರಳಿ ಕೊಂಡೊಯ್ಯಲು ಬಂದ ಖುರೈಶರ ದೂತರು, ಇವರು ಈಸಾರ ಬಗ್ಗೆ ಘೋರವಾದ ಮಾತು ಹೇಳುತ್ತಾರೆಂದು ದೊರೆಯ ಕಿವಿಯೂದಿದರು. ಆಶ್ರಯ ಕಳೆದುಹೋಗುವ ಗಳಿಗೆ ಅದು. ಒಂದು ಮಾತು ಮರೆಮಾಚಿದ್ದರೆ ಸಾಕಿತ್ತು. ಆದರೆ ಸಹಾಬಿಗಳು ಸಮಾಲೋಚಿಸಿ, ಏನೇ ಆಗಲಿ, ಅಲ್ಲಾಹನೂ ಅವನ ಪ್ರವಾದಿಯೂ ಹೇಳಿದ್ದನ್ನೇ ಹೇಳೋಣ ಎಂದು ತೀರ್ಮಾನಿಸಿದರು. ಜಅಫರ್ ಬಿನ್ ಅಬೀ ತಾಲಿಬ್(ರ) ಅದಾಗಲೇ ಸೂರಃ ಮರ್ಯಮ್‌ನ ಆರಂಭದ ಸೂಕ್ತಗಳನ್ನು ಓದಿ ಕೇಳಿಸಿದ್ದರು. ಅದನ್ನು ಕೇಳಿ ದೊರೆಯ ಗಡ್ಡ ಕಣ್ಣೀರಿನಲ್ಲಿ ತೊಯ್ದಿತ್ತು. ಈಗ ಅವರು ಈಸಾ(ಅ) ಅಲ್ಲಾಹನ ದಾಸ, ಅವನ ಸಂದೇಶವಾಹಕ ಎಂದು ನೇರವಾಗಿ ಹೇಳಿದರು. ಆ ಮಾತಿನಲ್ಲಿ ಹೇಡಿತನ ಇರಲಿಲ್ಲ, ಕಟುತ್ವವೂ ಇರಲಿಲ್ಲ. ಮುಂದೆ ನಜ್ಜಾಶಿ ತೀರಿಕೊಂಡಾಗ ಪ್ರವಾದಿವರ್ಯರು(ಸ) ಮದೀನದಲ್ಲಿ ಅವನಿಗಾಗಿ ಜನಾಝಾ ನಮಾಝ್ ನಿರ್ವಹಿಸಿದರು. ನಜ್ರಾನಿನ ಕ್ರೈಸ್ತ ನಿಯೋಗ ಮದೀನಕ್ಕೆ ಬಂದಾಗ ತಮ್ಮ ಪ್ರಾರ್ಥನೆಯನ್ನು ಮಸ್ಜಿದುನ್ನಬವಿಯಲ್ಲೇ ಮಾಡಲು ಅವರಿಗೆ ಬಿಟ್ಟರೆಂದು ಸೀರತ್ ಗ್ರಂಥಗಳು ವರದಿ ಮಾಡುತ್ತವೆ. ಅದೇ ನಿಯೋಗದೊಡನೆ ಈಸಾ(ಅ)ರ ಬಗ್ಗೆ ಮಾತು ಬಂದಾಗ ತೌಹೀದ್‌ನಲ್ಲಿ ಎಳ್ಳಷ್ಟೂ ರಾಜಿ ಮಾಡಿಕೊಳ್ಳಲಿಲ್ಲ.

ನಮ್ಮ ಮಾದರಿ ಇದು. ಆದ್ದರಿಂದ ಈ ದಿನಗಳಲ್ಲಿ ಕೆಲವು ವಿಷಯಗಳನ್ನು ನೆನಪಿಡೋಣ.

ನೆರೆಯವರು ಪ್ರೀತಿಯಿಂದ ಕೊಟ್ಟ ಹಲಾಲ್ ತಿಂಡಿಯನ್ನು ಪ್ರೀತಿಯಿಂದ ಸ್ವೀಕರಿಸಿರಿ. ಅದರಲ್ಲಿ ಮದ್ಯ ಬೆರೆತಿರುವ ಸಂಶಯವಿದ್ದರೆ ಮೃದುವಾಗಿ ಕೇಳಿ ತಿಳಿಯಿರಿ; ನಮ್ಮ ನಿಷೇಧಗಳನ್ನು ಅವರು ಬಲ್ಲರು. ಅಬ್ದುಲ್ಲಾ ಬಿನ್ ಅಮ್ರ್(ರ) ಮನೆಯಲ್ಲಿ ಕುರಿ ಕೊಯ್ದಾಗ, ನಮ್ಮ ಯಹೂದಿ ನೆರೆಯವನಿಗೆ ಕಳುಹಿಸಿದಿರಾ ಎಂದು ಅವರು ಮತ್ತೆ ಮತ್ತೆ ವಿಚಾರಿಸಿದರು.

ಅವರ ಆರಾಧನೆಯಲ್ಲಿ ಪಾಲ್ಗೊಳ್ಳುವುದು, ಮನೆಯಲ್ಲಿ ಗೋದಲಿ ಇಡುವುದು ನಮಗೆ ಸಲ್ಲದು. ಶುಭ ಹಾರೈಸುವ ವಿಷಯದಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿದೆ: ಕೆಲವರು ಬಾರದೆನ್ನುತ್ತಾರೆ, ಕೆಲವರು ವಿಶ್ವಾಸವನ್ನು ಒಪ್ಪದೆ ಸೌಜನ್ಯದ ಮಾತಾಡಬಹುದು ಎನ್ನುತ್ತಾರೆ. ನೀವು ಯಾವ ಅಭಿಪ್ರಾಯವನ್ನು ಅನುಸರಿಸಿದರೂ ಮುಖ ಸಿಂಡರಿಸುವ ಅನುಮತಿ ಯಾರೂ ಕೊಟ್ಟಿಲ್ಲ. ಅವರ ಆರೋಗ್ಯ, ಮಕ್ಕಳು, ಮನೆತನದ ಒಳಿತಿಗಾಗಿ ಹಾರೈಸಲು ಯಾವ ಅಡ್ಡಿಯೂ ಇಲ್ಲ.

ಮಿಶನ್ ಶಾಲೆಯಲ್ಲಿ ಓದುವ ಮಗುವಿಗೆ ಕ್ರಿಸ್‌ಮಸ್ ನಾಟಕದಲ್ಲಿ ಪಾತ್ರ ಕೊಟ್ಟರೆ, ಮಗುವನ್ನು ಗದರಿಸಬೇಡಿ. ತಂದೆಯೋ ತಾಯಿಯೋ ಶಾಲೆಗೆ ಹೋಗಿ, ಈಸಾ(ಅ)ರನ್ನು ನಾವು ಎಷ್ಟು ಗೌರವಿಸುತ್ತೇವೆಂದರೆ ಯಾವ ಪ್ರವಾದಿಯ ಪಾತ್ರವನ್ನೂ ಅಭಿನಯಿಸುವುದಿಲ್ಲ ಎಂದು ಶಿಕ್ಷಕರಿಗೆ ವಿನಯದಿಂದ ತಿಳಿಸಿರಿ. ಆ ಸಂಜೆ ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸೂರಃ ಮರ್ಯಮ್‌ನ್ನು ಅರ್ಥಸಹಿತ ಓದಿರಿ. ಅದಕ್ಕಿಂತ ಒಳ್ಳೆಯ ಉತ್ತರ ಬೇರೊಂದಿಲ್ಲ.

ಅವರು ಪೂಜಿಸುವುದನ್ನು ಹೀಯಾಳಿಸಬೇಡಿ. ಸೂರಃ ಅನ್ಆಮ್‌ನ 108ನೆಯ ಸೂಕ್ತ ಅದನ್ನು ತಡೆದಿದೆ. ಅಲ್ಲದೆ ಅವರು ಹೆಸರಿಸುವ ಯೇಸು ನಮ್ಮ ಈಸಾ(ಅ). ಅವರ ವಿಶ್ವಾಸವನ್ನು ಗೇಲಿ ಮಾಡಲು ಹೋಗಿ ನಮ್ಮದೇ ಪ್ರವಾದಿಯ ಬಗ್ಗೆ ಅಗೌರವದ ಮಾತಾಡಿದರೆ ಈಮಾನ್‌ಗೇ ಧಕ್ಕೆ.

ಸಹೋದರ ಸಹೋದರಿಯರೇ, ಸೂರಃ ಮಾಇದಃದ ಕೊನೆಯ ಭಾಗದಲ್ಲಿ ಒಂದು ದೃಶ್ಯವಿದೆ. ಪರಲೋಕದಲ್ಲಿ ಅಲ್ಲಾಹನು ಈಸಾ(ಅ)ರನ್ನು ನಿಲ್ಲಿಸಿ, ನನ್ನನ್ನು ಬಿಟ್ಟು ನಿನ್ನನ್ನೂ ನಿನ್ನ ತಾಯಿಯನ್ನೂ ಆರಾಧಿಸಲು ನೀನು ಜನರಿಗೆ ಹೇಳಿದ್ದೆಯಾ ಎಂದು ಕೇಳುತ್ತಾನೆ. ಅವರು ಆ ಮಾತನ್ನು ನಿರಾಕರಿಸುತ್ತಾರೆ. ಆಮೇಲೆ ಆ ಜನರ ಮೇಲೆ ಕೋಪಗೊಂಡು ಶಪಿಸುವುದಿಲ್ಲ. ಅವರು ನಿನ್ನ ದಾಸರು, ಶಿಕ್ಷಿಸುವುದೂ ಕ್ಷಮಿಸುವುದೂ ನಿನಗೆ ಸೇರಿದ್ದು ಎಂದು ಎಲ್ಲವನ್ನೂ ಅಲ್ಲಾಹನಿಗೆ ಒಪ್ಪಿಸುತ್ತಾರೆ. ಪ್ರವಾದಿವರ್ಯರು(ಸ) ಒಂದು ರಾತ್ರಿಯಿಡೀ ಈ ಸೂಕ್ತವನ್ನೇ ಮತ್ತೆ ಮತ್ತೆ ಓದುತ್ತಾ ನಮಾಝ್‌ನಲ್ಲಿ ನಿಂತಿದ್ದರೆಂದು ಹದೀಸ್‌ನಲ್ಲಿದೆ. ತೌಹೀದ್‌ನಲ್ಲಿ ದೃಢತೆ, ಮನುಷ್ಯರ ಮೇಲೆ ಕರುಣೆ, ಇವೆರಡೂ ಆ ಹೃದಯಗಳಲ್ಲಿ ಒಟ್ಟಿಗೇ ಇದ್ದವು.

ಆ ದಿನ ನಮ್ಮನ್ನೂ ನಿಲ್ಲಿಸಲಾಗುವುದು. ನಿನ್ನ ನೆರೆಯವನಿಗೆ ಸತ್ಯ ತಿಳಿಸಿದೆಯಾ, ಅದನ್ನು ತಿಳಿಸುವಂತಹ ಬಾಳು ಬಾಳಿದೆಯಾ, ನಿನ್ನ ಸುಜೂದ್ ನನಗೊಬ್ಬನಿಗೇ ಇತ್ತೇ ಎಂದು ಕೇಳಿದರೆ ನಮ್ಮ ಉತ್ತರವೇನು?

ಅಲ್ಲಾಹನು ನಮ್ಮ ತೌಹೀದನ್ನು ಶುದ್ಧಗೊಳಿಸಲಿ. ನಮ್ಮ ನಾಲಗೆಗೆ ಸತ್ಯವನ್ನೂ ಮೃದುತ್ವವನ್ನೂ ಒಟ್ಟಿಗೆ ಕೊಡಲಿ. ನಮಗೂ ನಮ್ಮ ನೆರೆಯವರಿಗೂ ಸನ್ಮಾರ್ಗ ತೋರಿಸಲಿ. ಆಮೀನ್.